ಮರುಭೂಮಿ ಚಾರಣ: ಎಷ್ಟು ನೀರು ಹೊರಬೇಕು, ಹೇಗೆ ಹೊರಬೇಕು?

ಪ್ರಶ್ನೆ: ಮರುಭೂಮಿಯಲ್ಲಿ ಐದಾರು ವಾರಗಳ ಉದ್ದದ ಚಾರಣಕ್ಕೆ ತಯಾರಿ ಮಾಡುತ್ತಿದ್ದೇನೆ. ಒಬ್ಬನೇ ಹೋಗುವುದು. ಬೆಟ್ಟ ಹತ್ತಿ ಅಭ್ಯಾಸವಿದೆ, ಆದರೆ ನೀರಿಲ್ಲದ ಕಡೆ ನಡೆದಿಲ್ಲ. ನೀರು ಸಿಗುವ ಜಾಗಗಳ ನಡುವೆ ಸಾಮಾನ್ಯವಾಗಿ 20ರಿಂದ 25 ಕಿ.ಮೀ. ಅಂತರ. ಒಂದು ಕಡೆ ಮಾತ್ರ 42 ಕಿ.ಮೀ. ಅದರ ನಡುವೆ, 24ನೇ ಕಿ.ಮೀ.ನಲ್ಲಿ, ಒಂದು ತೊಟ್ಟಿ ಇದೆಯಂತೆ. ಅದರಲ್ಲಿ ಕೆಲವು ತಿಂಗಳು ಮಾತ್ರ ನೀರು. ‘ದಿನಕ್ಕೆ 4 ಲೀಟರ್ ಸಾಕು’ ಎನ್ನುತ್ತಾರೆ ಕೆಲವರು, ‘5 ಕಿ.ಮೀ.ಗೆ 1 ಲೀಟರ್’ ಎನ್ನುತ್ತಾರೆ ಇನ್ನು ಕೆಲವರು. ನೀರು ಬಿಟ್ಟು ನನ್ನ ಬ್ಯಾಗೇ 11 ಕೆ.ಜಿ. ಇದೆ. ಎಷ್ಟು ನೀರು ಹೊರಬೇಕು? ಕೊಳವೆ ಇರುವ ನೀರಿನ ಚೀಲ ಒಳ್ಳೆಯದಾ, ಬಾಟಲಿ ಒಳ್ಳೆಯದಾ? ಮೊದಲೇ ಹೋಗಿ ದಾರಿಯಲ್ಲಿ ನೀರು ಬಚ್ಚಿಟ್ಟು ಬರಬಹುದಾ?

ಉತ್ತರ: ನಿಮಗೆ ಸಿಕ್ಕಿರುವ ಎರಡು ಸೂತ್ರಗಳನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಅವು ಪೂರ್ತಿ ಸುಳ್ಳಲ್ಲ. ಆದರೆ ಎಂಥ ಬಿಸಿಲಿಗೆ, ಯಾವ ಹೊತ್ತಿಗೆ, ಎಷ್ಟು ಭಾರ ಹೊತ್ತವರಿಗೆ ಅಂತ ಎರಡೂ ಹೇಳುವುದಿಲ್ಲ. ನೀರು ಖರ್ಚಾಗುವುದು ಕಿಲೋಮೀಟರಿಗಲ್ಲ, ಗಂಟೆಗೆ. ಅದೂ ಎಂಥ ಗಂಟೆ ಅನ್ನುವುದು ಮುಖ್ಯ. ಬೆಳಗಿನ 5 ಗಂಟೆಗೆ ಸಮತಟ್ಟು ನೆಲದಲ್ಲಿ ನಡೆದ 5 ಕಿ.ಮೀ.ಗೂ, ಮಧ್ಯಾಹ್ನ 1 ಗಂಟೆಗೆ ಮರಳಿನ ಏರಿನಲ್ಲಿ ಕಾಲು ಹೂತುಕೊಂಡು ನಡೆದ 5 ಕಿ.ಮೀ.ಗೂ ಎಲ್ಲಿಯ ಹೋಲಿಕೆ?

ತಂಪು ಹೊತ್ತಿನಲ್ಲಿ ಬ್ಯಾಗ್ ಹೊತ್ತು ಹದವಾಗಿ ನಡೆಯುವವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಹೋಗುತ್ತದೆ. ಸುಡು ಬಿಸಿಲಲ್ಲಿ ಏರು ಹತ್ತುವಾಗ 1 ಲೀಟರ್ ಮುಟ್ಟುವುದು ಮಾಮೂಲು. ಕೆಲವರಿಗೆ ಒಂದೂವರೆಯೂ ಆಗುತ್ತದೆ. ಗಾಳಿಯೇ 40 ಡಿಗ್ರಿ ಇದ್ದರೆ ನೆರಳಲ್ಲಿ ಸುಮ್ನೆ ಕೂತವರಿಗೂ ಗಂಟೆಗೆ ಕಾಲು ಲೀಟರ್ ಹೋಗುತ್ತದೆ. ತೊಂದರೆ ಏನೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಹನಿ ಕಟ್ಟುವ ಮೊದಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. ‘ಇವತ್ತು ಬೆವರೇ ಬರಲಿಲ್ಲ’ ಅಂದುಕೊಳ್ಳುತ್ತೀರಿ. ಸಂಜೆ ಟೋಪಿಯ ಅಂಚಿನಲ್ಲಿ, ಬ್ಯಾಗಿನ ಭುಜದ ಪಟ್ಟಿಯಲ್ಲಿ ಬೆಳ್ಳಗೆ ಉಪ್ಪಿನ ಗೆರೆ ಕಂಡಾಗಲೇ ಗೊತ್ತಾಗುವುದು.

ಹಾಗಾಗಿ ಹೊರಡುವ ಮೊದಲು ನಿಮ್ಮ ಸ್ವಂತ ಲೆಕ್ಕ ಮಾಡಿಕೊಳ್ಳಿ. ಬೇಕಾಗಿರುವುದು ಒಂದು ತೂಕದ ಯಂತ್ರ ಮಾತ್ರ. ಮೂತ್ರ ಮಾಡಿ, ಬಟ್ಟೆ ತೆಗೆದು ತೂಕ ನೋಡಿ. ಚಾರಣಕ್ಕೆ ಒಯ್ಯುವ ಬ್ಯಾಗನ್ನೇ ತುಂಬಿ ಹೊತ್ತು, ಬಿಸಿಲಲ್ಲಿ ಸರಿಯಾಗಿ ಒಂದು ಗಂಟೆ ನಡೆಯಿರಿ. ಕುಡಿದ ನೀರು ಅಳೆದಿಟ್ಟುಕೊಳ್ಳಿ. ಬಂದ ತಕ್ಷಣ ಮೈ ಒರೆಸಿಕೊಂಡು ಮತ್ತೆ ತೂಗಿ. ತೂಕ 600 ಗ್ರಾಂ ಇಳಿದಿದೆ, ನಡುವೆ 300 ಮಿ.ಲೀ. ಕುಡಿದಿದ್ದೀರಿ ಅಂತಿಟ್ಟುಕೊಳ್ಳಿ. ಆಗ ನಿಮ್ಮ ಬೆವರು ಗಂಟೆಗೆ 900 ಮಿ.ಲೀ. ಇದನ್ನೇ ಒಂದು ಸಲ ನಸುಕಿನಲ್ಲಿ, ಒಂದು ಸಲ ಮಧ್ಯಾಹ್ನ ಮಾಡಿ. ಎರಡು ಅಂಕಿ ಸಿಗುತ್ತವೆ. ಯಾರದೋ ಸೂತ್ರಕ್ಕಿಂತ ಈ ಎರಡು ಅಂಕಿಗಳ ಮೇಲೆ ನನಗೆ ನಂಬಿಕೆ ಜಾಸ್ತಿ. ನೀವು ಇರುವ ಕಡೆ ಹವೆ ಮರುಭೂಮಿಯಷ್ಟು ಬಿಸಿ ಇಲ್ಲದಿದ್ದರೆ ಅಂಕಿಯನ್ನು ಸ್ವಲ್ಪ ಏರಿಸಿಕೊಳ್ಳಿ.

ಈಗ ನಿಮ್ಮ 42 ಕಿ.ಮೀ.ಗೆ ಬರೋಣ. ನೀರಿನ ಭಾರ ಸೇರಿದರೆ ಗಂಟೆಗೆ ಮೂರೂವರೆ ಕಿ.ಮೀ. ಅಂತ ಹಿಡಿಯಿರಿ. ಅಂದರೆ 12 ಗಂಟೆಯ ನಡಿಗೆ. ಮಾಮೂಲಿಯಂತೆ ಬೆಳಿಗ್ಗೆ 7ಕ್ಕೆ ಹೊರಟಿರಿ ಅಂದುಕೊಳ್ಳಿ. ಮೊದಲ ಎರಡು ಗಂಟೆ ಅರ್ಧರ್ಧ ಲೀಟರ್. ನಂತರದ ಏಳು ಗಂಟೆ ಉರಿಬಿಸಿಲು, ಗಂಟೆಗೆ ಒಂದೊಂದು. ಕೊನೆಯ ಮೂರಕ್ಕೆ ಒಟ್ಟು ಎರಡು. ಅಲ್ಲಿಗೆ 10 ಲೀಟರ್ ಆಯಿತು. ಕೈಯಲ್ಲಿ ಮಿಗಿಸಬೇಕಾದ 2 ಲೀಟರ್ ಸೇರಿದರೆ 12. ಬ್ಯಾಗ್ 23 ಕೆ.ಜಿ. ಅಷ್ಟು ಹೊತ್ತರೆ ಗಂಟೆಗೆ ಮೂರೂವರೆ ಕಿ.ಮೀ. ನಡೆಯುವುದೂ ಕಷ್ಟ. ನಡಿಗೆ ನಿಧಾನವಾದಷ್ಟೂ ಬಿಸಿಲಲ್ಲಿ ಗಂಟೆ ಜಾಸ್ತಿ, ಗಂಟೆ ಜಾಸ್ತಿಯಾದಷ್ಟೂ ನೀರು ಜಾಸ್ತಿ. ನೀರು ಹೊರುವುದಕ್ಕೇ ನೀರು ಬೇಕಾಗುತ್ತದೆ.

ಅದೇ ದಾರಿಯನ್ನು ಹೀಗೆ ನಡೆಯಿರಿ. ಹಿಂದಿನ ನೀರಿನ ಜಾಗಕ್ಕೆ ಬೆಳಿಗ್ಗೆ 10, 11ರೊಳಗೆ ತಲುಪಿ. ಮಧ್ಯಾಹ್ನ ಪೂರ್ತಿ ಅಲ್ಲೇ ಹತ್ತಿರದ ನೆರಳಲ್ಲಿ ಮಲಗಿ. ಬೇಕಾದಷ್ಟು ಕುಡಿಯಿರಿ. ರಾತ್ರಿ ಊಟವನ್ನು ಸಂಜೆ 4ಕ್ಕೇ ಅಲ್ಲೇ ಬೇಯಿಸಿ ತಿಂದು, ಪಾತ್ರೆ ಒರೆಸಿಟ್ಟು, 5ಕ್ಕೆ ಹೊರಡಿ. ರಾತ್ರಿ 10ರವರೆಗೆ ನಡೆದರೆ 17 ಕಿ.ಮೀ. ಆಗುತ್ತದೆ. ಇದಕ್ಕೆ ಎರಡೂವರೆ ಲೀಟರ್. ನೀರಿಲ್ಲದ ಕಡೆ ಮಲಗಿ, ರಾತ್ರಿಗೆ ಅರ್ಧ ಲೀಟರ್. ಬೆಳಗಿನ ಜಾವ ಮೂರೂವರೆಗೆ ಎದ್ದು ನಡೆದರೆ ಹತ್ತೂವರೆ ಹೊತ್ತಿಗೆ ಉಳಿದ 25 ಕಿ.ಮೀ. ಮುಗಿಯುತ್ತದೆ. ಇದಕ್ಕೆ ನಾಲ್ಕು ಲೀಟರ್. ಒಟ್ಟು 7, ಜೊತೆಗೆ ಮೀಸಲು 2. ಅಂದರೆ 9 ಲೀಟರ್.

ದಾರಿ ಅದೇ, ಕಾಲು ಅವೇ. ಹೊರಡುವ ಹೊತ್ತು ಬದಲಾಗಿದ್ದಕ್ಕೆ 3 ಕೆ.ಜಿ. ಇಳಿಯಿತು. ಇನ್ನೊಂದು ಲಾಭವೂ ಇದೆ. ಬ್ಯಾಗ್ ಅತಿ ಭಾರ ಇರುವ ಮೊದಲ ಗಂಟೆಗಳು ಬಿಸಿಲು ಇಳಿಯುವ ಹೊತ್ತಿಗೆ ಬೀಳುತ್ತವೆ. ರಾತ್ರಿ ನಡೆಯುವಾಗ ತಲೆಗೆ ಕಟ್ಟುವ ಟಾರ್ಚ್ ಬೇಕು. ದಾರಿ ತಪ್ಪುವ ಭಯ, ಹಾವು ಚೇಳಿನ ಎಚ್ಚರ ಇರಬೇಕು. ದಾರಿಯ ಗುರುತು ಸರಿಯಾಗಿಲ್ಲದ ಕಡೆ ಕತ್ತಲಲ್ಲಿ ನಡೆಯಬೇಡಿ. ಅಂಥ ಕಡೆ 3 ಲೀಟರ್ ಜಾಸ್ತಿ ಹೊರುವುದೇ ವಾಸಿ.

ಊಟವನ್ನು ನೀರಿನ ಹತ್ತಿರ ಮುಗಿಸಿ, ಮಲಗುವುದಕ್ಕೆ ಮುಂದೆ ಹೋಗುವ ಈ ಪದ್ಧತಿಯನ್ನು 42 ಕಿ.ಮೀ.ಗೆ ಮಾತ್ರ ಅಲ್ಲ, ದಿನವೂ ಮಾಡಿ. ಬೇಯಿಸುವ ನೀರು, ಊಟದ ಜೊತೆ ಕುಡಿಯುವ ನೀರು, ಪಾತ್ರೆಯ ನೀರು ಎಲ್ಲ ಸೇರಿ ದಿನಕ್ಕೆ ಒಂದು, ಒಂದೂವರೆ ಲೀಟರ್ ಹೊರುವುದು ತಪ್ಪುತ್ತದೆ. ಇದರಲ್ಲಿ ಪ್ರಾಣಿಗಳಿಗೂ ಉಪಕಾರವಿದೆ. ಮರುಭೂಮಿಯಲ್ಲಿ ಹತ್ತಾರು ಕಿ.ಮೀ.ಗೆ ಒಂದೇ ನೀರು ಇದ್ದರೆ ರಾತ್ರಿ ಎಲ್ಲ ಜೀವವೂ ಅಲ್ಲಿಗೇ ಬರಬೇಕು. ನೀವು ದಡದಲ್ಲೇ ಡೇರೆ ಹಾಕಿದರೆ ಅವು ಬಾಯಾರಿಕೊಂಡೇ ವಾಪಸ್ ಹೋಗುತ್ತವೆ. ಕನಿಷ್ಠ 60 ಮೀಟರ್ ದೂರ ಇರಿ ಎನ್ನುವುದು ಬಹಳ ಕಡೆಯ ನಿಯಮ. ಒಂಟಿ ನೀರಿನ ಹತ್ತಿರ ಇನ್ನೂ ದೂರ ಹೋದರೆ ಒಳ್ಳೆಯದು.

ಆ 24ನೇ ಕಿ.ಮೀ. ತೊಟ್ಟಿ ಬಗ್ಗೆ ನನ್ನ ಮಾತು ಸ್ವಲ್ಪ ಕಟ್ಟುನಿಟ್ಟು. ಅದು ಇಲ್ಲ ಅಂತಲೇ ಲೆಕ್ಕ ಹಾಕಿ. ನಕ್ಷೆಯಲ್ಲಿ ನೀರಿನ ಜಾಗಗಳನ್ನು ಎರಡೇ ಬಗೆಯಾಗಿ ಗುರುತು ಮಾಡಿಕೊಳ್ಳಿ: ವರ್ಷಪೂರ್ತಿ ಇರುವುದು, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ ಎನ್ನುವುದು. ‘ಬಹುಶಃ’ ಎನ್ನುವ ಮೂರನೇ ಬಗೆ ಬೇಡ. ಎರಡನೆಯ ಬಗೆಯದರಲ್ಲಿ ನೀರು ಕಂಡರೆ ಅದು ಅದೃಷ್ಟ, ಕುಡಿದು ಮುಂದೆ ಹೋಗಿ. ಅದನ್ನು ನಂಬಿ 1 ಲೀಟರ್ ಕಡಿಮೆ ಹೊತ್ತು ಹೊರಡಬೇಡಿ. ನಕ್ಷೆಯ ನೀಲಿ ಗೆರೆಗಳನ್ನಂತೂ ನಂಬಲೇಬೇಡಿ. ಮರುಭೂಮಿಯಲ್ಲಿ ನೀಲಿ ಗೆರೆ ಎಂದರೆ ಮಳೆ ಬಂದ ದಿನ ನೀರು ಹರಿಯುವ ಜಾಗ, ಅಷ್ಟೇ.

ವರ್ಷಪೂರ್ತಿ ಇರುವ ನೀರೂ ಕೈಕೊಡಬಹುದು. ಒರತೆ ಬತ್ತುತ್ತದೆ, ಪಂಪು ಕೆಡುತ್ತದೆ, ನಲ್ಲಿಗೆ ಬೀಗ ಬೀಳುತ್ತದೆ. ಅದಕ್ಕೇ ಹಿಂದಿನವರು ಬರೆದಿಟ್ಟ ಸುದ್ದಿ ಓದುವಾಗ ಮೊದಲು ದಿನಾಂಕ ನೋಡಿ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಂಥ ಹೆಸರಾದ ದಾರಿಗಳಲ್ಲಿ ಚಾರಣಿಗರೇ ಸೇರಿ ನೀರಿನ ವರದಿ ಇಡುತ್ತಾರೆ: ಯಾವ ದಿನ, ಯಾವ ಒರತೆ, ಧಾರೆ ಎಷ್ಟು ಅಂತ. ಸುಮಾರು 4,265 ಕಿ.ಮೀ. ಉದ್ದದ ಆ ದಾರಿ ಮೆಕ್ಸಿಕೊ ಗಡಿಯ ಕ್ಯಾಂಪೊದಲ್ಲಿ ಶುರುವಾಗುತ್ತದೆ. ಅಲ್ಲಿಂದ ಲೇಕ್ ಮೊರೆನಾವರೆಗಿನ ಸುಮಾರು 32 ಕಿ.ಮೀ.ನಲ್ಲಿ ಒಣ ವರ್ಷಗಳಲ್ಲಿ ನಂಬುವ ನೀರಿಲ್ಲ. ಹೊಸಬರಿಗೆ ಮೊದಲ ದಿನವೇ ಪರೀಕ್ಷೆ. ಎದುರಿನಿಂದ ಬರುವವರು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ವರದಿ ಇಲ್ಲ. ‘ನೀರಿದೆಯಾ?’ ಅಂತ ಮಾತ್ರ ಕೇಳಬೇಡಿ. ‘ನೀವೇ ತುಂಬಿಕೊಂಡಿರಾ? ಯಾವತ್ತು? ಒಂದು ಬಾಟಲಿ ತುಂಬಲು ಎಷ್ಟು ಹೊತ್ತಾಯಿತು?’ ಅಂತ ಕೇಳಿ. ತೊಟ್ಟಿಕ್ಕುವ ಒರತೆಯಲ್ಲಿ 1 ಲೀಟರಿಗೆ 10 ನಿಮಿಷ ಹಿಡಿದರೆ 9 ಲೀಟರಿಗೆ ಒಂದೂವರೆ ಗಂಟೆ ಬೇಕಲ್ವಾ? ಇದನ್ನೂ ದಿನದ ಲೆಕ್ಕಕ್ಕೆ ಸೇರಿಸಬೇಕು.

ನೀರು ಬಚ್ಚಿಡುವ ವಿಷಯ. ಬಚ್ಚಿಡಬಹುದು, ಆದರೆ ಮೊದಲು ಆ ಜಾಗದ ನಿಯಮ ನೋಡಿ. ಕೆಲವು ಸಂರಕ್ಷಿತ ಪ್ರದೇಶಗಳಲ್ಲಿ ಏನನ್ನೂ ಬಿಟ್ಟು ಹೋಗುವಂತಿಲ್ಲ. ಇನ್ನು ಕೆಲವು ದಾರಿಗಳಲ್ಲಿ ಅದು ರೂಢಿಯೇ ಆಗಿದೆ. ಇಸ್ರೇಲ್ ನ್ಯಾಷನಲ್ ಟ್ರೇಲ್‌ನ ನೆಗೆವ್ ಮರುಭೂಮಿಯ ಭಾಗ ನಡೆಯುವವರು ಮುಂಚೆಯೇ ನೀರು ಇಡಿಸಿಕೊಳ್ಳುತ್ತಾರೆ. ಅಮೆರಿಕದ ಕಾಂಟಿನೆಂಟಲ್ ಡಿವೈಡ್ ಟ್ರೇಲ್‌ನ ದಕ್ಷಿಣ ತುದಿಯಲ್ಲಿ, ನ್ಯೂ ಮೆಕ್ಸಿಕೊದಲ್ಲಿ, ದಾರಿಯ ಸಂಸ್ಥೆಯೇ ಪೆಟ್ಟಿಗೆಗಳಲ್ಲಿ ನೀರು ಇಡಿಸುತ್ತದೆ. ಇಡುವುದಾದರೆ ವಾಹನ ಹೋಗುವ ರಸ್ತೆ ನಿಮ್ಮ ದಾರಿಯನ್ನು ದಾಟುವ ಕಡೆ ಇಡಿ. ಗಟ್ಟಿ ಪ್ಲಾಸ್ಟಿಕ್ ಕ್ಯಾನ್ ಇರಲಿ. ತೆಳು ಪ್ಲಾಸ್ಟಿಕ್ಕನ್ನು ಬಿಸಿಲೇ ಸೀಳುತ್ತದೆ, ಇಲಿಗಳು ಕಡಿಯುತ್ತವೆ. ಒಂದೇ ದೊಡ್ಡ ಕ್ಯಾನಿಗಿಂತ ಎರಡು ಸಣ್ಣದು ವಾಸಿ, ಒಂದು ಸೋರಿದರೂ ಇನ್ನೊಂದು ಇರುತ್ತದೆ. ಪೊದೆಯ ಕೆಳಗೆ, ದಿನವಿಡೀ ನೆರಳು ಬೀಳುವ ಕಡೆ ಇಟ್ಟು, ಎರಡು ಮೂರು ಫೋಟೊ ತೆಗೆದುಕೊಳ್ಳಿ, ಜಿಪಿಎಸ್ ಗುರುತು ಹಾಕಿಕೊಳ್ಳಿ. ಮೂರು ವಾರದ ನಂತರ ಎಲ್ಲ ಪೊದೆಯೂ ಒಂದೇ ಥರ ಕಾಣುತ್ತದೆ. ಮೇಲೆ ಹೆಸರು, ತೆಗೆದುಕೊಳ್ಳುವ ದಿನ ಬರೆಯಿರಿ. ಖಾಲಿ ಕ್ಯಾನ್ ನಿಮ್ಮ ಬೆನ್ನ ಮೇಲೇ ವಾಪಸ್ ಬರಬೇಕು.

ಆದರೆ ಇಟ್ಟ ನೀರನ್ನು ಯಾವ ಬಗೆಗೆ ಸೇರಿಸಬೇಕು? ಎರಡನೆಯದಕ್ಕೆ. ನೀವೇ ಇಟ್ಟಿದ್ದರೂ ಸರಿ, ‘ಅಲ್ಲಿ ಯಾರೋ ದಾನಿಗಳು ಇಡುತ್ತಾರೆ’ ಎನ್ನುವುದಾದರೆ ಇನ್ನೂ ಸರಿ. ನಿಮಗಿಂತ ಮುಂಚೆ ಬಂದ ಬಾಯಾರಿದವನು ಅದನ್ನು ಕುಡಿಯದೆ ಬಿಡುತ್ತಾನಾ? ಇದಕ್ಕೆ ಒಂದು ಹಳೆಯ ಘಟನೆ ನೆನಪಾಗುತ್ತದೆ. 1905ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾದ ಟಿನಾಹಾಸ್ ಆಲ್ಟಾಸ್ ಎಂಬ ಬಂಡೆಗುಂಡಿಗಳ ನೀರಿನ ಜಾಗದಿಂದ ಪಾಬ್ಲೊ ವಲೆನ್ಸಿಯಾ ಎಂಬಾತ ಚಿನ್ನದ ಗಣಿ ಹುಡುಕುತ್ತ ಹೊರಟ. ನೀರು ಸಾಲದು ಅನ್ನಿಸಿದಾಗ ಜೊತೆಗಾರನನ್ನು ಕುದುರೆಗಳೊಂದಿಗೆ ನೀರಿಗೆ ವಾಪಸ್ ಕಳಿಸಿ, ಮುಂದೆ ಒಂದು ಕಡೆ ಸೇರುವ ಮಾತಾಯಿತು. ಇಬ್ಬರೂ ಭೇಟಿಯಾಗಲೇ ಇಲ್ಲ. ವಲೆನ್ಸಿಯಾ ಒಂದು ದಿನದ ನೀರಿನಲ್ಲಿ ಸುಮಾರು ಒಂದು ವಾರ ಅಲೆದು, ಕೊನೆಗೆ ತೆವಳಿಕೊಂಡು ಅದೇ ಜಾಗದ ಹತ್ತಿರಕ್ಕೆ ಬಂದು ಬಿದ್ದಿದ್ದ. ಅಲ್ಲೇ ಬಿಡಾರ ಹಾಕಿದ್ದ ವಿಜ್ಞಾನಿ ಡಬ್ಲ್ಯು. ಜೆ. ಮೆಗೀ ಅವನನ್ನು ಉಳಿಸಿ, ಅವನ ಸ್ಥಿತಿಯನ್ನು ವಿವರವಾಗಿ ಬರೆದಿಟ್ಟರು. ವಲೆನ್ಸಿಯಾ ಬದುಕಿದ್ದು ಅಪರೂಪದ ಗಟ್ಟಿತನದಿಂದ. ಆದರೆ ಅವನು ಸಿಕ್ಕಿಬಿದ್ದದ್ದು ಬೇರೆಯವರು ತರುವ ನೀರನ್ನು ತನ್ನ ನೀರಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದರಿಂದ.

ಪಾತ್ರೆಗಳ ಬಗ್ಗೆ ಹೇಳುತ್ತೇನೆ. ಕೊಳವೆ ಇರುವ ಚೀಲ ಹಸಿರು ಕಾಡಿನಲ್ಲಿ ಸುಖ. ಮರುಭೂಮಿಯ ದೂರದ ನಡಿಗೆಗೆ ಅದೊಂದನ್ನೇ ನಂಬಿ ಹೋಗುವುದು ನನಗೆ ಇಷ್ಟವಿಲ್ಲ. ಅದು ಬ್ಯಾಗಿನೊಳಗೆ ಅಡಗಿರುತ್ತದೆ. ಎಷ್ಟು ಉಳಿದಿದೆ ಅಂತ ಗೊತ್ತಾಗುವುದು ಕೊಳವೆಯಲ್ಲಿ ಗಾಳಿ ಬಂದಾಗ. ಬಾಯಿಗೆ ಕಚ್ಚುವ ತುದಿಯ ಮೇಲೆ ಬ್ಯಾಗ್ ಇಟ್ಟು ಕೂತರೆ ಒಂದು ಲೀಟರ್ ನೀರು ಮರಳಿನ ಪಾಲಾಗುತ್ತದೆ. ಇದ್ದದ್ದೆಲ್ಲ ಒಂದೇ ಚೀಲದಲ್ಲಿದ್ದು, ಅದಕ್ಕೆ ಒಂದು ಮುಳ್ಳು ಚುಚ್ಚಿದರೆ ಕಥೆ ಮುಗಿಯಿತು.

9 ಲೀಟರ್ ಹೊರಬೇಕಾದಾಗ ನಾನು ಹೀಗೆ ಹಂಚುತ್ತೇನೆ. ಅಂಗಡಿಯಲ್ಲಿ ಸಿಗುವ ಮಾಮೂಲಿ 1 ಲೀಟರ್ ನೀರಿನ ಬಾಟಲಿ ಮೂರು. ಮಡಚುವ 2 ಲೀಟರ್ ಚೀಲ ಮೂರು. ಗಟ್ಟಿ ಪ್ಲಾಸ್ಟಿಕ್ಕಿನ ಚಾರಣದ ಬಾಟಲಿ ನೋಡಲು ಚೆಂದ, ಆದರೆ ಒಂದೊಂದು ಸುಮಾರು 180 ಗ್ರಾಂ ತೂಗುತ್ತದೆ. ಅಂಗಡಿಯ ಬಾಟಲಿ 40 ಗ್ರಾಂ ಆಸುಪಾಸು. ಮಡಚುವ ಚೀಲದ ಲಾಭ ಏನೆಂದರೆ ಖಾಲಿಯಾದ ಮೇಲೆ ಅಂಗೈಯಗಲದ ಸುರುಳಿ ಆಗುತ್ತದೆ. ಹೊಸ ಚೀಲವನ್ನು ಪರೀಕ್ಷೆ ಮಾಡದೆ ಒಯ್ಯಬೇಡಿ. ತುಂಬಿ, ಮುಚ್ಚಳ ಬಿಗಿದು, ಒಣ ಕಾಗದದ ಮೇಲೆ ತಲೆಕೆಳಗಾಗಿಟ್ಟು ಮಂಡಿಯಿಂದ ಒತ್ತಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕಾಗದ ಮುಟ್ಟಿ ನೋಡಿ. ಸೋರುವುದು ಹೆಚ್ಚಾಗಿ ಮುಚ್ಚಳದ ಹತ್ತಿರ, ಅದೂ ತಿರುಪಿನ ಎಳೆಗಳಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಾಗ. ತುಂಬುವಾಗ ಚೀಲದ ಗಾಳಿಯನ್ನು ಹಿಂಡಿ ತೆಗೆದು ಮುಚ್ಚಿದರೆ ಒಳಗೆ ನೀರು ಕುಲುಕುವುದಿಲ್ಲ, ನಡೆಯುವಾಗ ಬೆನ್ನು ಆಚೀಚೆ ಎಳೆಯುವುದಿಲ್ಲ.

ಬ್ಯಾಗಿನಲ್ಲಿ ನೀರಿನ ಚೀಲಗಳ ಜಾಗ ಬೆನ್ನಿಗೆ ಅಂಟಿಕೊಂಡಂತೆ, ನಡುವಿನ ಎತ್ತರದಲ್ಲಿ. ಮಲಗುವ ಚೀಲ ತಳದಲ್ಲಿ, ಅದರ ಮೇಲೆ ನೀರು, ಸುತ್ತ ಬಟ್ಟೆ. ತುಂಬ ಮೇಲಿಟ್ಟರೆ ಕಲ್ಲಿನ ಇಳಿಜಾರಿನಲ್ಲಿ ಮುಂದಕ್ಕೆ ಮುಗ್ಗರಿಸುತ್ತೀರಿ, ಹೊರಗಡೆ ನೇತುಹಾಕಿದರೆ ಹಿಂದಕ್ಕೆ ಎಳೆಯುತ್ತದೆ. ಬಟ್ಟೆ ಸುತ್ತಿದ್ದಕ್ಕೆ ಮಧ್ಯಾಹ್ನದವರೆಗೂ ನೀರು ತಣ್ಣಗಿರುತ್ತದೆ ಎನ್ನುವುದು ಸಣ್ಣ ಸುಖವೇನಲ್ಲ. ಬಾಟಲಿ ಎರಡು ಪಕ್ಕದ ಜೇಬಿನಲ್ಲಿ, ಬ್ಯಾಗ್ ಇಳಿಸದೆ ಕೈಗೆ ಸಿಗುವಂತೆ. ಕುಡಿಯುವುದು ಯಾವಾಗಲೂ ಅವುಗಳಿಂದಲೇ. ಖಾಲಿಯಾದಾಗ ಒಳಗಿನ ಚೀಲದಿಂದ ತುಂಬಿಕೊಳ್ಳಿ. ಹೀಗೆ ಮಾಡಿದರೆ ಪ್ರತಿ ಸಲ ತುಂಬಿದಾಗಲೂ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ತಾನಾಗೇ ಲೆಕ್ಕ ಆಗುತ್ತದೆ.

ಮೂರನೇ ಬಾಟಲಿಯ ಮುಚ್ಚಳಕ್ಕೆ ಒಂದು ಸುತ್ತು ಟೇಪ್ ಹಾಕಿ ಬ್ಯಾಗಿನ ಆಳಕ್ಕೆ ಇಡಿ. ಮೇಲೆ ಹೇಳಿದ 2 ಲೀಟರ್ ಮೀಸಲಿನಲ್ಲಿ ಇದು ಅರ್ಧ. ಮುಂದಿನ ನೀರು ಮುಟ್ಟುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಟೇಪ್ ಯಾಕೆಂದರೆ, ಸುಸ್ತಾದ ತಲೆ ಬಹಳ ಚೆನ್ನಾಗಿ ಸಬೂಬು ಹೇಳುತ್ತದೆ. ಟೇಪ್ ಕೀಳಬೇಕಾದಾಗ ಒಂದು ಕ್ಷಣ ಯೋಚನೆ ಬರುತ್ತದೆ.

ಹೇಗೆ ಕುಡಿಯಬೇಕು ಅನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬಾಯಾರಿಕೆಯಾದಾಗ ಕುಡಿಯಿರಿ. ಗುಟುಕು ಗುಟುಕಾಗಿ ಉಳಿಸಿ ಉಳಿಸಿ ಕುಡಿಯುವುದರಿಂದ ಏನೂ ಲಾಭವಿಲ್ಲ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. ಕಡಿಮೆ ಕುಡಿದರೆ ಕಡಿಮೆ ಬೆವರುತ್ತೇವೆ ಎನ್ನುವುದು ನಿಜವಲ್ಲ. ದೇಹ ತಂಪಾಗಲು ಬೇಕಾದಷ್ಟು ಬೆವರನ್ನು ಅದು ಹೇಗೂ ತೆಗೆಯುತ್ತದೆ. ನೀವು ಉಳಿಸಬಹುದಾದದ್ದು ಬೆವರನ್ನು: ಬಿಸಿಲಲ್ಲಿ ನಡೆಯದೆ, ಉದ್ದ ತೋಳಿನ ಸಡಿಲ ಅಂಗಿ ಹಾಕಿಕೊಂಡು, ಛತ್ರಿ ಹಿಡಿದು, ಕಾದ ನೆಲದ ಮೇಲೆ ನೇರವಾಗಿ ಕೂರದೆ. ಗಾಳಿ 40 ಡಿಗ್ರಿ ಇದ್ದಾಗ ಬಿಸಿಲಿನ ಮರಳು 60 ದಾಟಬಹುದು. ಬ್ಯಾಗಿನ ಮೇಲೋ ಮಡಚಿದ ಚಾಪೆಯ ಮೇಲೋ ಕೂತರೆ ಅಷ್ಟು ಶಾಖ ತಪ್ಪಿತು.

ಅವರೇ ಕಂಡುಕೊಂಡ ಇನ್ನೊಂದು ಸಂಗತಿ: ನೀರು ಕೈಯಲ್ಲಿದ್ದರೂ ನಡೆಯುವಾಗ ಜನ ಕಳೆದುಕೊಂಡಷ್ಟು ಕುಡಿಯುವುದಿಲ್ಲ, ಊಟದ ಹೊತ್ತಿಗೆ ಸರಿದೂಗಿಸಿಕೊಳ್ಳುತ್ತಾರೆ. ಹಾಗಾಗಿ ಪ್ರತಿ ನೀರಿನ ಜಾಗದಲ್ಲೂ ಕೂತು, ಏನಾದರೂ ತಿಂದು, ಅರ್ಧದಿಂದ ಒಂದು ಲೀಟರ್ ನಿಧಾನವಾಗಿ ಕುಡಿದು ಹೊರಡಿ. ಅದಕ್ಕಿಂತ ಜಾಸ್ತಿ ತುರುಕಿದರೆ ಮೂತ್ರವಾಗಿ ಹೋಗುತ್ತದೆ. ಒಂಟೆಯಂತೆ ಹೊಟ್ಟೆಯಲ್ಲಿ ಶೇಖರಿಸುತ್ತೇನೆ ಎನ್ನುವವರಿದ್ದಾರೆ. ಒಂಟೆಯ ಡುಬ್ಬದಲ್ಲೂ ಇರುವುದು ಕೊಬ್ಬು, ನೀರಲ್ಲ.

ಅತಿಯಾಗಿ ಕುಡಿಯುವುದರ ಅಪಾಯವನ್ನು ಜನ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮೂತ್ರಪಿಂಡಗಳು ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ 1 ಲೀಟರಿನಷ್ಟು. ಅದನ್ನು ಮೀರಿ ಗಂಟೆಗಟ್ಟಲೆ ಬರೀ ನೀರು ಕುಡಿದು, ಬೆವರಿನಲ್ಲಿ ಉಪ್ಪನ್ನೂ ಕಳೆದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದದ್ದು 135ಕ್ಕಿಂತ ಕೆಳಗೆ ಹೋಗುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ನಡೆಯಲು ಹೋದವರಲ್ಲಿ ಇದನ್ನು ವೈದ್ಯರು ದಾಖಲಿಸಿದ್ದಾರೆ. ತಲೆನೋವು, ವಾಕರಿಕೆ, ಮಂಕು: ನೀರು ಕಡಿಮೆಯಾದಾಗಲೂ ಇವೇ ಲಕ್ಷಣ. ವ್ಯತ್ಯಾಸ ಇರುವುದು ಇಲ್ಲಿ: ಹೊಟ್ಟೆಯಲ್ಲಿ ನೀರು ಕುಲುಕುತ್ತಿದ್ದು, ಬೆರಳು ಊದಿ, ಮೂತ್ರ ನೀರಿನಷ್ಟು ತಿಳಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಕೊರತೆ ಇರುವುದು ನೀರಿನದಲ್ಲ, ಉಪ್ಪಿನದು. ಆಗ ನೀರು ನಿಲ್ಲಿಸಿ ಉಪ್ಪಿನ ತಿಂಡಿ ತಿನ್ನಿ. ವಾಂತಿ ಶುರುವಾದರೆ, ಮಾತು ತೊದಲಿದರೆ ಸಹಾಯ ಕರೆಯಬೇಕು. ಮೂತ್ರ ಗಾಢ ಹಳದಿಯಾಗಿ, ಬಾಯಿ ಅಂಟುತ್ತಿದ್ದರೆ ಅದು ನೀರಿನ ಕೊರತೆಯೇ. ದಿನಕ್ಕೆ ಒಂದೆರಡು ಪೊಟ್ಟಣ ಓಆರ್‌ಎಸ್ ಇದ್ದರೆ ಒಳ್ಳೆಯದು. ಮುಗಿದುಹೋದರೆ 1 ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, 6 ಟೀ ಚಮಚ ಸಕ್ಕರೆ, ಮಟ್ಟಸವಾಗಿ ಅಳೆದು.

ಸಿಕ್ಕ ನೀರನ್ನು ಶುದ್ಧ ಮಾಡುವುದರಲ್ಲಿ ಮರುಭೂಮಿಯ ತಲೆನೋವು ಬೇರೆ. ದನಗಳ ತೊಟ್ಟಿ, ಪಾಚಿ ಕಟ್ಟಿದ ಗುಂಡಿ, ಕೆಸರು. ಹಿಂಡಿ ಬಳಸುವ ಸಣ್ಣ ಫಿಲ್ಟರುಗಳ ರಂಧ್ರ 0.1 ಮೈಕ್ರಾನ್ ಇರುತ್ತದೆ. ಬ್ಯಾಕ್ಟೀರಿಯಾ ನಿಲ್ಲುತ್ತವೆ, ವೈರಸ್ ನಿಲ್ಲುವುದಿಲ್ಲ, ಕರಗಿದ ಉಪ್ಪು ಮತ್ತು ಗಣಿಯ ವಿಷ ಖಂಡಿತ ನಿಲ್ಲುವುದಿಲ್ಲ. ಕೆಸರು ನೀರನ್ನು ನೇರವಾಗಿ ಹಾಕಿದರೆ ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲು ಬಟ್ಟೆಯಲ್ಲಿ ಸೋಸಿ, ಒಂದು ಚಿಟಿಕೆ ಪಟಿಕ ಕಲಸಿ ಅರ್ಧ ಗಂಟೆ ಅಲುಗಿಸದೆ ಬಿಟ್ಟರೆ ಕೆಸರು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಮಾತ್ರ ಫಿಲ್ಟರಿಗೆ ಹಾಕಿ. ಕೊಳಕು ನೀರಿನ ಚೀಲ ಒಂದೇ ಇರಲಿ, ಅದಕ್ಕೆ ದೊಡ್ಡ ಗುರುತು ಮಾಡಿ, ಮುಚ್ಚಳಗಳನ್ನು ಅದಲುಬದಲು ಮಾಡಬೇಡಿ. ಮರುಭೂಮಿಯ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯಾಗುವುದೂ ಉಂಟು. ಒದ್ದೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಚಳಿ ಇದ್ದರೆ ಅದನ್ನು ಜೊತೆಗೇ ಮಲಗಿಸಿಕೊಳ್ಳಿ. ಜೊತೆಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಇರಲಿ. ಅದು ಪೂರ್ತಿ ಕೆಲಸ ಮಾಡಲು, ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರಿಸುವ ಗಟ್ಟಿ ಸೂಕ್ಷ್ಮಜೀವಿ ಸಾಯಲು, 4 ಗಂಟೆ ಬೇಕು. ಬಾಯಾರಿ ನಿಂತಾಗ ಉಪಯೋಗಕ್ಕಿಲ್ಲ, ರಾತ್ರಿ ಹಾಕಿಡಲು ಸರಿ. ನೀರು ಕಹಿಯಾಗಿದ್ದು, ಸುತ್ತ ಬಿಳಿ ಪದರ ಕಟ್ಟಿದ್ದು, ಒಂದು ಹುಳವೂ ಹುಲ್ಲೂ ಇಲ್ಲದಿದ್ದರೆ ಬಿಟ್ಟುಬಿಡಿ. ಹಳೇ ಗಣಿಯ ಹತ್ತಿರದ್ದೂ ಬೇಡ.

ನಂಬಿದ ನೀರೇ ಬತ್ತಿದ್ದರೆ ಏನು ಮಾಡುವುದು? ಮೊದಲು ನೆರಳಿಗೆ ಹೋಗಿ ಕೂರಿ. ಟೇಪಿನ ಬಾಟಲಿ ಇರುವುದು ಇದಕ್ಕೇ. ಬಾಯಾರಿದ್ದರೆ ಕುಡಿಯಿರಿ. ನಕ್ಷೆ ತೆಗೆದು ಹಿಂದಿನ ನೀರು, ಮುಂದಿನ ನೀರು, ಹತ್ತಿರದ ರಸ್ತೆ, ಈ ಮೂರರಲ್ಲಿ ಯಾವುದು ರಾತ್ರಿಯ ನಡಿಗೆಗೆ ಸಿಗುತ್ತದೆ ನೋಡಿ. ಹೊರಡುವುದು ಸಂಜೆಗೇ. ಅಡ್ಡದಾರಿ ಹುಡುಕಬೇಡಿ. ಊಟವನ್ನೂ ಕಡಿಮೆ ಮಾಡಿ, ಜೀರ್ಣವಾಗಲು ನೀರು ಬೇಕು. ಕಳ್ಳಿ ಕಡಿದು ರಸ ಕುಡಿಯುವುದು, ಮೂತ್ರ ಕುಡಿಯುವುದು ಎಲ್ಲ ಸಿನಿಮಾಕ್ಕೆ ಬಿಡಿ. ಹೆಚ್ಚಿನ ಕಳ್ಳಿಗಳ ರಸ ವಾಂತಿ ಭೇದಿ ತರಿಸಿ, ಇದ್ದ ನೀರನ್ನೂ ತೆಗೆದುಬಿಡುತ್ತದೆ. ನೀವು ಒಬ್ಬರೇ ಹೋಗುತ್ತಿರುವುದರಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತಪ್ಪದೆ ಇಟ್ಟುಕೊಳ್ಳಿ. ಅದನ್ನು ಒತ್ತಬೇಕಾದದ್ದು ನಡೆಯಲು ಇನ್ನೂ ಶಕ್ತಿ ಇರುವಾಗ. ತಲೆ ಕಲಸಿದ ಮೇಲೆ ಯಾವ ಗುಂಡಿ ಅಂತಲೂ ತೋಚುವುದಿಲ್ಲ.

ನಿಮ್ಮ 11 ಕೆ.ಜಿ. ಬ್ಯಾಗ್ ಬಗ್ಗೆ ಒಂದು ಮಾತು. ಅದರಲ್ಲಿ ಆಹಾರ ಸೇರಿದ್ದರೆ ಸರಿಯಿದೆ. ಸೇರಿಲ್ಲದಿದ್ದರೆ 2 ಕೆ.ಜಿ. ತೆಗೆಯುವ ದಾರಿ ನೋಡಿ. ಭಾರ ಇಳಿಸುವುದಾದರೆ ಸಾಮಾನಿನಿಂದ ಇಳಿಸಿ, ನೀರಿನಿಂದ ಬೇಡ. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮುಂದಿನ ನೀರಿಗೆ ಬರುವಾಗ ಕೈಯಲ್ಲಿ ಒಂದೆರಡು ಲೀಟರ್ ಉಳಿದಿದ್ದರೆ ‘ಸುಮ್ನೆ ಹೊತ್ತೆನಲ್ಲ’ ಅನ್ನಿಸುತ್ತದೆ. ಮೀಸಲು ಉಳಿಯುವುದಕ್ಕೇ ಇರುವುದು. ಮರುದಿನ ಅದನ್ನು ಕಡಿಮೆ ಮಾಡಬೇಡಿ. ದೂರದಿಂದ ಹಸಿರು ಕಂಡಿತು ಅಂತ ಹಳೇ ನೀರನ್ನು ಚೆಲ್ಲಲೂ ಬೇಡಿ. ಒರತೆಗೆ ಹೋಗಿ, ಮೊದಲ ಬಾಟಲಿ ತುಂಬಿ, ರುಚಿ ನೋಡಿ. ಆಮೇಲೆ ಉಳಿದದ್ದನ್ನು 60 ಮೀಟರ್ ಆಚೆ ತೆಗೆದುಕೊಂಡು ಹೋಗಿ ಕಾಲು ತೊಳೆದುಕೊಳ್ಳಿ, ಕಾಲುಚೀಲ ಹಿಂಡಿಕೊಳ್ಳಿ. ಮರಳು ತುಂಬಿದ ಕಾಲುಚೀಲದಿಂದ ಏಳುವ ಬೊಬ್ಬೆ ನಿಮ್ಮ ನಡಿಗೆಯನ್ನು ಗಂಟೆಗೆ ಎರಡು ಕಿ.ಮೀ.ಗೆ ಇಳಿಸಿದರೆ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.